ಮೂರು ಸಿಲಿಂಡರಿನ ಮೇಷ್ಟ್ರು

ಬದರೀನಾರಾಯಣ ಆ ಮಾತನ್ನು ಸ್ಟಾಫ್ ರೂಮಿನಲ್ಲಿ ಆಡಬಾರದಿತ್ತು. ಇನ್ನೊಂದು ಮುಕ್ಕು ಕಡ್ಲೆಪುರಿ ಬಾಯಿಗೆ ಹಾಕಿಕೊಂಡಿದ್ದರೆ ಮಾತು ಒಳಗೇ ಉಳಿಯುತ್ತಿತ್ತು. ಆದರೆ ಹೆಡ್ಮಾಸ್ಟರ್ ಚಿಕ್ಕಬಸಪ್ಪನವರು, "ಏನ್ ಬದರಿಯವರೇ, ನಿಮ್ಮ ಕಾರು ಬೀದಿಗೆ ಬಂತು ಅಂದ್ರೆ ಯಾರೋ ಹಸಿ ಸೌದೆ ಒಲೆಗೆ ತುರುಕಿದ ಹಾಗಿರುತ್ತಲ್ರೀ" ಎಂದರು. ಕನ್ನಡ ಪಂಡಿತರೂ ಡ್ರಿಲ್ ಮೇಷ್ಟ್ರೂ ಒಟ್ಟಿಗೆ ನಕ್ಕರು. ಬದರೀನಾರಾಯಣನ ಬಾಯಿ ಸರಿಯಾಗಿ ಆ ಗಳಿಗೆಯಲ್ಲಿ ಖಾಲಿಯಾಗಿತ್ತು.

"ಬೇಸಿಗೆ ರಜದಲ್ಲಿ ಎಂಜಿನ್ ಬಿಚ್ಚಿ ಹೊಸದು ಮಾಡ್ತೀನಿ ಸಾರ್. ಇದಕ್ಕೆಲ್ಲ ಮೆಕ್ಯಾನಿಕ್ ಯಾಕೆ? ಹದಿನೆಂಟು ವರ್ಷದಿಂದ ಅದನ್ನೇ ಪಾಠ ಮಾಡ್ತಿಲ್ವೇ ನಾನು?"

ಪಾಠ ಮಾಡುತ್ತಿದ್ದದ್ದು ನಿಜ. ನಂಜನಗೂಡಿನ ಆ ಹೈಸ್ಕೂಲಿನ ವಿಜ್ಞಾನದ ತರಗತಿಯಲ್ಲಿ ಪ್ರತಿ ಡಿಸೆಂಬರಿನಲ್ಲೂ ಅವನು ಕಪ್ಪು ಹಲಗೆಯ ಮೇಲೆ ಎಂಜಿನ್ ಬರೆಯುತ್ತಿದ್ದ. ಬಿಳಿ ಸೀಮೆಸುಣ್ಣದ ಸಿಲಿಂಡರು, ನೀಲಿ ಪೆಟ್ರೋಲು, ಕೆಂಪು ಕಿಡಿ. ಗಂಟೆ ಹೊಡೆದ ಮೇಲೆ ಡಸ್ಟರಿನಿಂದ ಒರೆಸಿಬಿಡುತ್ತಿದ್ದ. ಹಾಗೆ ಅವನು ಹದಿನೆಂಟು ಎಂಜಿನ್‌ಗಳನ್ನು ಕಟ್ಟಿ ಅಳಿಸಿದ್ದ. ಒಂದರಿಂದಲೂ ಕೈಗೆ ಎಣ್ಣೆ ಹತ್ತಿರಲಿಲ್ಲ.

"ಭೇಷ್!" ಎಂದರು ಹೆಡ್ಮಾಸ್ಟರು. "ರಜ ಮುಗಿಯೋ ಭಾನುವಾರ ನರಸೀಪುರದಲ್ಲಿ ನಮ್ಮ ಷಡ್ಡಕನ ಮಗಳ ಆರತಕ್ಷತೆ. ನಿಮ್ಮ ಕಾರಲ್ಲೇ ಹೋಗೋಣ. ಸಂಜೆ ನಾಲ್ಕಕ್ಕೆ ನಿಮ್ಮ ಮನೆ ಮುಂದೆ ಇರ್ತೀನಿ."

ಆ ಭಾನುವಾರ ಈಗ ಬಂದಿತ್ತು. ೧೯೯೯ರ ಮೇ ತಿಂಗಳ ಕೊನೆ. ಬೆಳಗ್ಗೆ ಆರೂವರೆಗೇ ಬಿಸಿಲು ತಗಡಿನ ಶೆಡ್ಡಿನ ಮೇಲೆ ಕೂತಿತ್ತು. ಒಳಗೆ ಬದರೀನಾರಾಯಣ ತನ್ನ ಕೆಂಪು ಕಾರಿನಿಂದ ಇಳಿಸಿ ನೆಲದ ಮೇಲಿಟ್ಟಿದ್ದ ಮೂರು ಸಿಲಿಂಡರಿನ ಎಂಜಿನ್ನಿನ ಕ್ರ್ಯಾಂಕಿಗೆ ಸ್ಪ್ಯಾನರ್ ಹಾಕಿ ತಿರುಗಿಸುತ್ತಿದ್ದ. ಅದು ತಿರುಗಲಿಲ್ಲ. ಎರಡೂ ಕೈಯಲ್ಲಿ ತಿರುಗಿಸಿದ. ಅವನೇ ಎಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಬಂದನೇ ಹೊರತು ಕ್ರ್ಯಾಂಕು ಅಲುಗಲಿಲ್ಲ.

"ಹಂಸಾ! ಆ ಕ್ಯಾಪುಗಳನ್ನ ಇಡ್ಲಿ ತಟ್ಟೇಲಿ ಸಾಲಾಗಿ ಇಟ್ಟಿದ್ದೆನಲ್ಲ, ತೆಗೆದವರು ಯಾರು?"

ಅವನ ಹೆಂಡತಿ ಹಂಸಾ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. "ಇವತ್ತು ಭಾನುವಾರ ಕಣ್ರೀ, ಇಡ್ಲಿ. ನಿನ್ನೇನೇ ತಟ್ಟೆ ತೊಳೆದಿಡಬೇಕಾಯ್ತು. ನಿಮ್ಮ ಕಬ್ಬಿಣದ ಚೂರುಗಳನ್ನೆಲ್ಲ ಒಂದೇ ಡಬ್ರೀಲಿ ಹಾಕಿಟ್ಟಿದ್ದೆ. ಒಂದೂ ಕಳೆದಿಲ್ಲ, ಎಣಿಸಿದ್ದೀನಿ."

ಮೂರು ವಾರ ತಾಳ್ಮೆಯಿಂದ ಕಾಪಾಡಿಕೊಂಡು ಬಂದ ಕ್ರಮ ಒಂದು ಡಬ್ರಿಯೊಳಗೆ ಕಲಸಿಹೋಗಿತ್ತು. ಅದನ್ನು ಗಮನಿಸದೆ ಅವನು ನಿನ್ನೆ ರಾತ್ರಿ ಕರೆಂಟಿಲ್ಲದ ಕತ್ತಲಲ್ಲಿ ಕೈಗೆ ಸಿಕ್ಕ ಕ್ಯಾಪನ್ನು ಸಿಕ್ಕ ಜಾಗಕ್ಕೆ ಬಿಗಿದಿದ್ದ. ಕ್ರ್ಯಾಂಕನ್ನು ಹಿಡಿದಿಡುವ ನಾಲ್ಕು ಕ್ಯಾಪುಗಳು ನೋಡುವುದಕ್ಕೆ ಅವಳಿಜವಳಿ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಬೇರೆಯವರ ಹಲ್ಲುಸೆಟ್ಟು ಹಾಕಿಕೊಂಡ ಹಾಗೆ, ಬಾಯಿ ಆಡುವುದಿಲ್ಲ.

ಬೇಲಿಯಾಚೆಯಿಂದ ಒಂದು ತಲೆ ಮೇಲೆದ್ದಿತು. ನಿವೃತ್ತ ಶಿರಸ್ತೇದಾರ್ ನಂಜುಂಡಸ್ವಾಮಿಯವರದು. ತಾಲ್ಲೂಕು ಕಚೇರಿ ಬಿಟ್ಟ ಮೇಲೆ ಅವರು ಬೀದಿಯನ್ನೇ ಕಚೇರಿ ಮಾಡಿಕೊಂಡಿದ್ದರು. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಎಲ್ಲ ಅವರ ನಾಲಿಗೆಯ ಮೇಲೆ.

"ಎಲ್ಲಿಗೆ ಬಂತು ಮೇಷ್ಟ್ರೇ ಕೆಲಸ?"

"ಮುಗಿದ ಹಾಗೇ ಸಾರ್. ಕೊನೇ ಕೈ."

"ಒಬ್ಬರೇ ಮಾಡಿದ್ರಲ್ಲ, ಅದು ದೊಡ್ಡದು. ನಾನು ಬೀದಿಗೆಲ್ಲ ಹೇಳಿದ್ದೀನಿ. ನಾಲ್ಕು ಗಂಟೆಗೆ ಎಲ್ಲಾ ಬರ್ತಾರೆ ನೋಡೋಕೆ."

ತಲೆ ಮುಳುಗಿತು. ಬದರೀನಾರಾಯಣ ಸ್ಪ್ಯಾನರನ್ನು ಕೆಳಗಿಟ್ಟ. ನಾಲ್ಕು ಗಂಟೆಗೆ ಕಾರು ಸ್ಟಾರ್ಟ್ ಆಗದಿದ್ದರೆ ನಾಳೆ ಶಾಲೆ. ಸ್ಟಾಫ್ ರೂಮು. ಕಡ್ಲೆಪುರಿ. ಡ್ರಿಲ್ ಮೇಷ್ಟ್ರ ನಗು.

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಶಿಷ್ಯನೊಬ್ಬ ಸಿಕ್ಕಿದ್ದು ಅವನಿಗೆ ಆಗ ನೆನಪಾಯಿತು. ಹದಿನಾರು ಎಂಬ ಹಳ್ಳಿಯ ಸಿದ್ಧಾರ್ಥ. ಹತ್ತು ವರ್ಷದ ಹಿಂದೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಒಮ್ಮೆ ಎದ್ದು ನಿಂತು, "ಸಾ, ಕ್ಯಾಪೆಲ್ಲ ಬಿಗಿದ ಮ್ಯಾಲೆ ಒಳಗಡೆ ಎಣ್ಣೆ ಎಂಗೋದದು?" ಎಂದು ಕೇಳಿದ್ದ. "ಅದು ಪರೀಕ್ಷೆಗೆ ಬರೋಲ್ಲ, ಕೂತ್ಕೊ" ಎಂದಿದ್ದ ಬದರೀನಾರಾಯಣ. ಆ ಸಿದ್ಧಾರ್ಥ ಈಗ ತಿ. ನರಸೀಪುರದಲ್ಲಿ ಶೆಡ್ಡು ಇಟ್ಟು 'ಎಂಜಿನ್ ವರ್ಕ್ಸ್' ಎಂದು ಬೋರ್ಡು ಹಾಕಿದ್ದ. ಪಕ್ಕದ ಟೀ ಅಂಗಡಿಯ ಫೋನ್ ನಂಬರನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದ.

ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಭದ್ರವಾಗಿ ಹಾಕಿಕೊಂಡು ಬದರೀನಾರಾಯಣ ಪಿಸುಗುಟ್ಟಿದ. "ಸಿದ್ಧಾರ್ಥ, ಒಂದು ಎಂಜಿನ್ ವಿಷಯ ಕಣಯ್ಯ..."

"ಎಂಜಿನ್ನಾ ಸಾ?" ಆ ಕಡೆಯ ದನಿ ಹಿಗ್ಗಿತು. "ಈಗ್ಲೇ ಬತ್ತೀನಿ. ನೀವಾಗಿ ಕರೆದ್ರಲ್ಲ, ನನ್ ಪುಣ್ಯ ಸಾ!"

ಒಂಬತ್ತು ಗಂಟೆಗೆಲ್ಲ ಅವನು ಬಂದ. ಬದರೀನಾರಾಯಣ ಬಸ್ ಸ್ಟ್ಯಾಂಡಿಗೇ ಹೋಗಿ, ಬೀದಿ ತಪ್ಪಿಸಿ, ಹಿಂದಿನ ಓಣಿಯಿಂದ ಕರೆದುಕೊಂಡು ಬಂದ.

"ಮುಂದ್ಗಡೆಯಿಂದ ಓಗಾದು ಬ್ಯಾಡ್ವಾ ಸಾ?"

"ನೆರೆಯವರು ತಲೆ ತಿಂತಾರಪ್ಪ. ಅದಕ್ಕೆ."

ಸಿದ್ಧಾರ್ಥ ತಲೆಯಾಡಿಸಿದ. ಚರಂಡಿ ಕೆಸರಿನಲ್ಲಿ ಚಪ್ಪಲಿ ಕೈಗೆತ್ತಿಕೊಂಡು ಹಿಂದೆ ಬಂದ. ಬದರೀನಾರಾಯಣನ ಕಿವಿ ಸ್ವಲ್ಪ ಬಿಸಿಯಾಯಿತು. ಬಿಸಿಲಿಗೆ ಎಂದುಕೊಂಡ.

ಕೆಲಸ ಶುರುವಾಯಿತು. ಸಿದ್ಧಾರ್ಥನ ಕೈ ಪಳಗಿದ ಕೈ, ಬೋಲ್ಟುಗಳು ಅವನ ಬೆರಳು ಕಂಡರೆ ತಾವೇ ಸಡಿಲವಾಗುತ್ತಿದ್ದವು. ಆದರೆ ಎಂಥ ವಿನಯ! ಒಂದೊಂದು ಕೆಲಸಕ್ಕೂ ಮೇಷ್ಟ್ರ ಅಪ್ಪಣೆ ಕೇಳುತ್ತಿದ್ದ.

"ಸಾ, ಈ ಕ್ಯಾಪಿನ ಮ್ಯಾಲೆ ನಂಬರ್ ಐತೆ, ಬಾಣಾನೂ ಐತೆ. ಬಾಣ ಬೆಲ್ಟಿನ ಕಡೀಕೆ ಇರ್ಬೇಕಲ್ವಾ?"

ಬದರೀನಾರಾಯಣ ಆ ಬಾಣವನ್ನು ನೋಡಿದ್ದೇ ಈಗ. ತನಗೆ ತಿಳಿಯದ ಪ್ರಶ್ನೆಗೆ ತರಗತಿಯಲ್ಲಿ ಹೇಳಿ ಹೇಳಿ ರೂಢಿಯಾಗಿದ್ದ ಉತ್ತರ ತಾನಾಗಿ ಬಾಯಿಗೆ ಬಂತು. "ನೀನೇ ಯೋಚನೆ ಮಾಡು. ಬಾಣ ಯಾಕೆ ಹಾಕಿರ್ತಾರೆ?"

ಸಿದ್ಧಾರ್ಥ ಹಣೆ ಸುಕ್ಕು ಮಾಡಿಕೊಂಡು ಯೋಚಿಸಿದ. "ಮುಂದ್ಗಡೆ ಯಾವ್ದು ಅಂತ ತೋರ್ಸಕ್ಕೆ ಸಾ."

"ಹ್ಞೂಂ. ಮತ್ತೆ?"

ಸಿದ್ಧಾರ್ಥನ ಮುಖ ಅರಳಿತು. ಕ್ಯಾಪುಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಕೂರಿಸಿ ಬಿಗಿದ. ಕ್ರ್ಯಾಂಕು ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು. ಎಂಥ ಸೂಕ್ಷ್ಮದ ಹುಡುಗ, ಎಂದುಕೊಂಡ ಬದರೀನಾರಾಯಣ. ಎಲ್ಲ ಗೊತ್ತಿದ್ದೂ ನನ್ನ ಮಾನ ಉಳಿಸಲಿಕ್ಕೆ ನನ್ನನ್ನೇ ಕೇಳಿದ ಹಾಗೆ ಮಾಡುತ್ತಾನೆ.

"ಬೆಲ್ಟಿನ ಹಲ್ಲು ಈ ಗೀಟಿಗೆ ಸರಿಯಾಗಿ ನಿಲ್ಲಿಸ್ಬೋದಾ ಸಾ?"

"ನಿಲ್ಲಿಸಿದ್ರೆ ಏನಾಗುತ್ತೆ?"

"ವಾಲ್ವು ಸರಿಯಾದ ಟೈಮಿಗೆ ತಗೀತದೆ."

"ಇಲ್ದಿದ್ರೆ?"

"ಪಿಸ್ಟನ್ನು ಬಂದು ವಾಲ್ವಿಗೆ ಗುದ್ದೀತು, ಅಲ್ವಾ ಸಾ?"

"ನೋಡಿದ್ಯಾ?" ಎಂದ ಬದರೀನಾರಾಯಣ ಗಂಭೀರವಾಗಿ. ಒಳಗೊಳಗೇ ಬೆವರಿದ.

ಹೀಗೆ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಎಂಜಿನ್ ಪೂರ್ತಿ ಜೋಡಣೆಯಾಗಿ ನಿಂತಿತು. ಹಂಸಾ ನಡುಮನೆಯಲ್ಲಿ ಎರಡು ಎಲೆ ಹಾಕಿ, "ಒಳಗೆ ಬನ್ನಿಪ್ಪ, ಊಟ ಮಾಡಿ" ಎಂದಳು. ಸಿದ್ಧಾರ್ಥ ಹೊಸಿಲಲ್ಲಿ ಒಂದು ಕ್ಷಣ ನಿಂತು, ಕಾಲು ಒರೆಸಿಕೊಂಡು, ಬಂದು ಕೂತ. ಹುಳಿ ಬಡಿಸಿ ಮುಗಿದಿರಲಿಲ್ಲ, ಮುಂಬಾಗಿಲ ಚಿಲಕ ಸದ್ದಾಯಿತು.

"ಮೇಷ್ಟ್ರೇ! ಎಂಜಿನ್ ಎತ್ತಿಡೋಕೆ ಕೈ ಬೇಕಲ್ವೇ? ನಮ್ಮ ಅಳಿಯಂದಿರು ಮೂರೂ ಜನ ಬಂದಿದ್ದಾರೆ!" ನಂಜುಂಡಸ್ವಾಮಿಯವರು.

ಬದರೀನಾರಾಯಣ ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡ. ಸಿದ್ಧಾರ್ಥನ ಎಲೆಯನ್ನು ಅನ್ನದ ಸಮೇತ ಎತ್ತಿ ಅವನ ಕೈಗಿಟ್ಟು, ಹೆಗಲು ಹಿಡಿದು ಎಬ್ಬಿಸಿ, ಬಚ್ಚಲುಮನೆಗೆ ನೂಕಿ ಬಾಗಿಲು ಎಳೆದುಕೊಂಡ.

"ಐದೇ ನಿಮಿಷ ಕಣಯ್ಯ."

ಐದು ನಿಮಿಷ ಮುಕ್ಕಾಲು ಗಂಟೆಯಾಯಿತು. ಮೂವರು ಅಳಿಯಂದಿರಿಗೆ ನಾಲ್ಕು ಅಭಿಪ್ರಾಯಗಳಿದ್ದವು. ಗೋಣಿತಾಟು, ಹಗ್ಗ, ಬಿದಿರು ಎಲ್ಲ ಆದ ಮೇಲೆ ಎಂಜಿನ್ನು ಕಾರಿನೊಳಗೆ ಇಳಿಯಿತು. ನಂಜುಂಡಸ್ವಾಮಿಯವರು ಕೈ ಹಚ್ಚದೆ, "ಎಡಕ್ಕೆ... ಎಡಕ್ಕೆ ಅಂದ್ರೆ ನನ್ನ ಎಡಕ್ಕೆ" ಎನ್ನುತ್ತಾ ಉಸ್ತುವಾರಿ ನೋಡಿಕೊಂಡರು. ಹೋಗುವಾಗ, "ಬಚ್ಚಲಲ್ಲಿ ಯಾರೋ ಕೆಮ್ಮಿದ ಹಾಗಾಯ್ತಲ್ಲ?" ಎಂದು ಕೇಳಿದರು.

"ಹಂಡೆ ಸಾರ್. ನೀರು ಕಾದ್ರೆ ಹಾಗೇ ಸದ್ದು ಮಾಡುತ್ತೆ."

ಅವರು ಹೋದ ಮೇಲೆ ಹಂಸಾ ಗಂಡನ ಎದುರು ಬಂದು ನಿಂತಳು. ದನಿ ಏರಿಸಲಿಲ್ಲ. "ನಾಚಿಕೆ ಆಗಲ್ವೇನ್ರೀ ನಿಮಗೆ? ಊಟಕ್ಕೆ ಕೂತ ಮನುಷ್ಯನ್ನ ಎಬ್ಬಿಸಿ ಬಚ್ಚಲಲ್ಲಿ ನಿಲ್ಲಿಸಿದ್ರಲ್ಲ."

ಬಾಗಿಲು ತೆಗೆದರೆ ಸಿದ್ಧಾರ್ಥ ಹಂಡೆಯ ಕಟ್ಟೆಯ ಮೇಲೆ ಕೂತು ಊಟ ಮುಗಿಸಿ, ಎಲೆ ಮಡಿಸಿ, ಅದನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ. ಹೊಗೆಗೆ ಕಣ್ಣು ಕೆಂಪಾಗಿದ್ದವು. "ಹುಳಿ ಬೋ ಚೆನ್ನಾಗಿತ್ತು ಅಮ್ಮಾ" ಎಂದ. ಬದರೀನಾರಾಯಣ ಅವನ ಮುಖ ನೋಡದೆ ಸ್ಪ್ಯಾನರ್ ಹುಡುಕುವವನಂತೆ ಬಗ್ಗಿದ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

ಮೂರೂವರೆಗೆ ಎಂಜಿನ್ ಬಿಗಿದು, ಕಿಡಿ ಹಾರಿಸುವ ಪ್ಲಗ್ಗುಗಳಿಗೆ ವೈರು ಸಿಕ್ಕಿಸಿ ಆಯಿತು. ಹೊರಗೆ ಜನ ಸೇರುವ ಸದ್ದು ಕೇಳಿಸಿತು. ಸಿದ್ಧಾರ್ಥ ಯಾರೂ ಹೇಳುವ ಮೊದಲೇ ತಾನಾಗಿ ಎದ್ದು ಬಚ್ಚಲುಮನೆಗೆ ನಡೆದ. ಅದು ಬದರೀನಾರಾಯಣನಿಗೆ ನೂಕಿದ್ದಕ್ಕಿಂತ ಹೆಚ್ಚು ಚುಚ್ಚಿತು.

ನಾಲ್ಕಕ್ಕೆ ಸರಿಯಾಗಿ ಹೆಡ್ಮಾಸ್ಟರು ಬಂದರು. ರೇಷ್ಮೆ ಶಲ್ಯ, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಉಡುಗೊರೆ. ಅಳಿಯಂದಿರು ಕಾರನ್ನು ಬೀದಿಗೆ ತಳ್ಳಿದರು. ಅರ್ಧ ಬೀದಿ ಜಗಲಿಗಳ ಮೇಲೆ ನೆರೆದಿತ್ತು. ಹೆಡ್ಮಾಸ್ಟರು ಮುಂದಿನ ಸೀಟಿನಲ್ಲಿ ಪಟ್ಟಕ್ಕೆ ಕೂತ ಹಾಗೆ ಕೂತರು.

ಬದರೀನಾರಾಯಣ ಕೀ ತಿರುಗಿಸಿದ. ಎಂಜಿನ್ ಗೊರಗೊರ ಎಂದಿತು. ಇನ್ನೊಮ್ಮೆ ತಿರುಗಿಸಿದ. ಢಂ! ಸೂರಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಹೆಡ್ಮಾಸ್ಟರು ಉಡುಗೊರೆಯನ್ನು ಎದೆಗೆ ಅವಚಿಕೊಂಡರು.

"ಆಕ್ಷೇಪಣೆ ಬಂತಲ್ಲ ಮೇಷ್ಟ್ರೇ" ಎಂದರು ನಂಜುಂಡಸ್ವಾಮಿ. ಯಾರೋ ನಕ್ಕರು. ಆ ನಗು ಒಂದು ಜಗಲಿಯಿಂದ ಇನ್ನೊಂದಕ್ಕೆ ದಾಟಿತು.

ಅಷ್ಟರಲ್ಲಿ ಹಂಸಾ ಆರತಿ ತಟ್ಟೆ ಹಿಡಿದು ಬಂದಳು. ಬಾನೆಟ್ಟಿಗೆ ಕುಂಕುಮ ಇಡುವ ನೆಪದಲ್ಲಿ ಬಗ್ಗಿ, ತುಟಿ ಅಲುಗಿಸದೆ ಹೇಳಿದಳು: "ಬಚ್ಚಲಿಂದ ಕೇಳ್ತಿದ್ದಾರೆ, ಎರಡನೇ ವೈರು ಮೂರಕ್ಕೆ, ಮೂರನೇದು ಎರಡಕ್ಕೆ ಹಾಕಿ ನೋಡಬಹುದಾ ಅಂತ."

ಬದರೀನಾರಾಯಣ ಇಳಿದು, ಬಾನೆಟ್ಟು ಎತ್ತಿ, ಬಹಳ ಯೋಚಿಸುವವನಂತೆ ಗಲ್ಲ ಕೆರೆದುಕೊಂಡು, ಎರಡು ವೈರು ಅದಲುಬದಲು ಮಾಡಿದ. ಕೀ ತಿರುಗಿಸಿದ.

ಎಂಜಿನ್ ಎದ್ದಿತು. ಹೊಗೆಯಿಲ್ಲ, ಕೆಮ್ಮಿಲ್ಲ. ಊಟವಾದ ಮೇಲೆ ಬೆಕ್ಕು ಗುರುಗುಟ್ಟುವಂಥ ಸದ್ದು. ಬೀದಿ ಚಪ್ಪಾಳೆ ತಟ್ಟಿತು. "ಒಬ್ಬನೇ ಮನುಷ್ಯ! ಬರೀ ತಲೆ!" ಎಂದು ನಂಜುಂಡಸ್ವಾಮಿಯವರು ಅಳಿಯಂದಿರನ್ನು ತಿರಸ್ಕಾರದಿಂದ ನೋಡಿದರು.

"ಅದು... ಒಬ್ಬನೇ ಅಂತ ಅಲ್ಲ..." ಎಂದ ಬದರೀನಾರಾಯಣ.

"ದೇವರ ದಯೆ ಇದ್ದೇ ಇರುತ್ತೆ ಬಿಡಿ" ಎಂದರು ಹೆಡ್ಮಾಸ್ಟರು. ಮಾತು ಅಲ್ಲಿಗೆ ನಿಂತಿತು. ನಿಲ್ಲಲು ಅವನು ಬಿಟ್ಟ.

ಹೊಸದಾಗಿ ಜೋಡಿಸಿದ ಎಂಜಿನ್ ಪಳಗುವ ತನಕ ವೇಗ ನಲವತ್ತು ದಾಟಬಾರದು ಎಂದು ಅವನು ಓದಿದ್ದ, ಅದಕ್ಕೇ ಹದಿನೈದು ದಾಟದೆ ಓಡಿಸಿದ. ಊರು ದಾಟುವ ತಿರುವಿನಲ್ಲಿ ಸಿದ್ಧಾರ್ಥ ಚೀಲ ಹಿಡಿದು ನಿಂತಿದ್ದ. ಓಣಿಯಿಂದ ಓಡಿ ಬಂದು ಕಾರಿಗಿಂತ ಮೊದಲೇ ತಲುಪಿದ್ದ.

"ಹಳೇ ಶಿಷ್ಯ ಸಾರ್. ನರಸೀಪುರಕ್ಕೇ ಹೋಗ್ತಾನೆ" ಎಂದು ಬದರೀನಾರಾಯಣ ಗೊಣಗಿ, ಅವನನ್ನು ಹಿಂದೆ ಹತ್ತಿಸಿಕೊಂಡ.

ಹೆಡ್ಮಾಸ್ಟರು ಹಿಂದಕ್ಕೆ ತಿರುಗಿದರು. "ನೋಡಪ್ಪ, ನಿಮ್ಮ ಮೇಷ್ಟ್ರು ಈ ಎಂಜಿನ್ನನ್ನ ಒಬ್ಬರೇ ಬಿಚ್ಚಿ ಜೋಡಿಸಿದ್ದಾರೆ. ಒಬ್ಬರೇ!"

"ಗೊತ್ತು ಸಾ" ಎಂದ ಸಿದ್ಧಾರ್ಥ.

"ನಾಳೆ ಪ್ರಾರ್ಥನೆ ಹೊತ್ತಲ್ಲಿ ಇವರನ್ನ ಮಕ್ಕಳ ಮುಂದೆ ನಿಲ್ಲಿಸಿ ಶಾಲು ಹೊದಿಸ್ತೀನಿ."

"ಒದಿಸ್ಬೇಕು ಸಾ. ನ್ಯಾಯವಾಗಿ ಒದಿಸ್ಲೇಬೇಕು."

ಬದರೀನಾರಾಯಣನ ಕತ್ತಿನ ಹಿಂಭಾಗ ಉರಿಯತೊಡಗಿತು. ಕನ್ನಡಿಯಲ್ಲಿ ಸಿದ್ಧಾರ್ಥನ ಮುಖ ಕಾಣುತ್ತಿತ್ತು. ಅದರಲ್ಲಿ ವ್ಯಂಗ್ಯ ಹುಡುಕಿದ, ಸಿಗಲಿಲ್ಲ. ಸಿಗದಿದ್ದದ್ದು ಇನ್ನೂ ಕೆಟ್ಟದಾಯಿತು. ಎಷ್ಟು ಚೆನ್ನಾಗಿ ಮುಚ್ಚಿಡುತ್ತಾನೆ! ಬಯ್ದುಬಿಡಬಾರದೇ? ಸೈಕಲ್ಲೊಂದು ಅವರನ್ನು ದಾಟಿ ಹೋಯಿತು. ಹೇಳಿಬಿಡಬೇಕು, ಆ ಹುಣಸೆಮರ ಬಂದ ಕೂಡಲೇ ಹೇಳುತ್ತೇನೆ ಎಂದುಕೊಂಡ. ಹುಣಸೆಮರ ಬಂದು ಹೋಯಿತು. ಮೈಲಿಗಲ್ಲು ಬಂದಾಗ ಎಂದುಕೊಂಡ. ಅಂಥ ಹನ್ನೊಂದು ಮೈಲಿಗಲ್ಲುಗಳು ಹೋದವು.

ನರಸೀಪುರದ ಮಾರ್ಕೆಟ್ ಹತ್ತಿರ ಸಿದ್ಧಾರ್ಥ ಮುಂದಕ್ಕೆ ಬಗ್ಗಿದ. "ಸಾ, ಒಂದೆರಡು ನಿಮ್ಸ ನಮ್ ಶೆಡ್ ತಾವ ನಿಲ್ಲಿಸಿ ಸಾ. ದೊಡ್ಡ ಉಪಕಾರ ಆಯ್ತದೆ."

ಶೆಡ್ಡಿನ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಬದರೀನಾರಾಯಣ ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರುವ ಹಾಗೇ ಬಿಟ್ಟು ಇಳಿದ. ಇಲ್ಲೇ, ಇವನ ಜನರ ಮುಂದೆಯೇ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡ. ಬಾಯಿ ತೆರೆಯುವ ಮೊದಲೇ ಸಿದ್ಧಾರ್ಥ ಕೂಗಿದ:

"ಬಂದ್ರು ಕಣ್ರಪ್ಪಾ ನಮ್ ಮೇಷ್ಟ್ರು!"

ಜನ ಸರಿದರು. ಹಿಂದೆ ಒಂದು ಬಿಳಿಯ ಟ್ಯಾಕ್ಸಿ ಬಾನೆಟ್ಟು ತೆರೆದು, ಒಳಗೆ ಏನೂ ಇಲ್ಲದೆ ನಿಂತಿತ್ತು. ಅದರ ಎಂಜಿನ್ನು ಹರವಿದ ಗೋಣಿತಾಟಿನ ಮೇಲೆ ನೂರಾರು ತುಂಡುಗಳಾಗಿ, ಸಂತೆಯಲ್ಲಿ ಮಾರಾಟಕ್ಕಿಟ್ಟ ಹಾಗೆ ಬಿದ್ದಿತ್ತು. ಅದರ ಪಕ್ಕ ಟ್ಯಾಕ್ಸಿಯ ಯಜಮಾನ ದೊಡ್ಡಸಿದ್ದಯ್ಯ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ನಂಗೆ ಪಂಪ್‌ಸೆಟ್ ಎಂಜಿನ್ ಒಂದೇ ಸಾ ಬರಾದು" ಎಂದ ಸಿದ್ಧಾರ್ಥ, ಯಾವ ಸಂಕೋಚವೂ ಇಲ್ಲದೆ ಎಲ್ಲರಿಗೂ ಕೇಳುವ ಹಾಗೆ. "ಕಾರಿಂದು ಒಂದ್ಸಲಾನೂ ಬಿಚ್ಚಿರಲಿಲ್ಲ. ದೊಡ್ಡಸಿದ್ದಣ್ಣ ಬಲವಂತ ಮಾಡ್ದ ಅಂತ ಹದಿನೈದು ದಿನದ ಕೆಳಗೆ ಬಿಚ್ಚಿಬಿಟ್ಟೆ, ಸೇರ್ಸಕ್ಕೆ ಬರಲಿಲ್ಲ. ಯಾರನ್ನ ಕೇಳಾದು ಅಂತ ಒದ್ದಾಡ್ತಿದ್ದಾಗ ನೀವೇ ಫೋನ್ ಮಾಡುದ್ರಿ. ಬೆಳಗಿಂದ ಎಂಗೆ ಏಳ್ಕೊಟ್ರಿ ಸಾ! ಒಂದನ್ನೂ ಬಾಯ್ಬಿಟ್ಟು ಏಳ್ದೆ, ನನ್ ಕೈಯಲ್ಲೇ ಏಳಿಸ್ಬುಟ್ರಿ. ಅಣ್ಣಾ, ಮಾಡಿದ್ದೆಲ್ಲ ಇವ್ರೇ ಕಣಣ್ಣ. ನಾನು ಸ್ಪ್ಯಾನರ್ ಇಡ್ಕಂಡಿದ್ದೆ ಅಷ್ಟೆ."

ಬದರೀನಾರಾಯಣನಿಗೆ ಬೆಳಗಿನಿಂದ ಕೇಳಿದ ಪ್ರಶ್ನೆಗಳೆಲ್ಲ ಒಂದೊಂದಾಗಿ ಕಿವಿಯಲ್ಲಿ ಮೊಳಗಿದವು. ಅವು ನಿಜವಾದ ಪ್ರಶ್ನೆಗಳಾಗಿದ್ದವು.

"ಇಲ್ಲ!" ಎಂದ. ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. "ನನಗೆ ಏನೂ ಬರೋದಿಲ್ಲ. ನಾನು ಹಲಗೆ ಮೇಲೆ ಚಿತ್ರ ಬರೆಯೋನು. ಇವತ್ತು ಆ ಎಂಜಿನ್ ಜೋಡಿಸಿದ್ದು ಇವನು. ಇವನೊಬ್ಬನೇ. ಇವನನ್ನ ನಾನು ಬಚ್ಚಲುಮನೇಲಿ ಅಡಗಿಸಿಟ್ಟು, ಹೊರಗಡೆ ನಿಂತು ಚಪ್ಪಾಳೆ ತಗೊಂಡೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ದೊಡ್ಡಸಿದ್ದಯ್ಯ ಎದ್ದು ಎರಡೂ ಕೈ ಮುಗಿದ. "ಗುರುಗಳು ಅಂದ್ರೆ ಇಂಗಿರ್ಬೇಕು ಕಣ್ಲಾ. ಎಷ್ಟೊಂದ್ ತಿಳ್ಕಂಡಿದ್ರೂ ಒಂಚೂರು ದೊಡ್ಡಸ್ತಿಕೆ ಐತಾ ನೋಡ್ರಿ."

"ಶಿಷ್ಯನ್ನ ಮುಂದಕ್ಕೆ ತರೋಕೆ ತನ್ನನ್ನೇ ಇಷ್ಟು ಕೆಳಗಿಳಿಸಿಕೊಳ್ಳೋದೇ! ಬಚ್ಚಲುಮನೆ ಅಂತೆ!" ಹೆಡ್ಮಾಸ್ಟರ ಕಣ್ಣು ಒದ್ದೆಯಾಗಿತ್ತು. "ಬದರಿಯವರೇ, ಆರತಕ್ಷತೆಗೆ ನಾನು ನಡೆದೇ ಹೋಗ್ತೀನಿ. ನೀವು ಇಲ್ಲೇ ಇರಿ. ನಾಳೆ ರಜಕ್ಕೂ ಯೋಚನೆ ಮಾಡಬೇಡಿ, ನಾನು ಸಹಿ ಹಾಕ್ತೀನಿ."

ಯಾರೋ ಸ್ಟೂಲು ತಂದಿಟ್ಟರು. ಇನ್ಯಾರೋ ಟೀ ತಂದರು. ಸಿದ್ಧಾರ್ಥ ಒಬ್ಬನೇ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದ. ಅವನ ನಗು ನಿಧಾನಕ್ಕೆ ಇಳಿಯಿತು. ಸ್ಪ್ಯಾನರ್ ಕೊಡುವವನಂತೆ ಹತ್ತಿರ ಬಂದು ಪಿಸುಗುಟ್ಟಿದ.

"ದಿಟ್ವಾ ಸಾ?"

"ದಿಟ ಕಣಪ್ಪ."

"ಮತ್ತೆ ನಾನು ಕೇಳಿದ್ದುಕ್ಕೆಲ್ಲ ಹ್ಞೂಂ ಅಂದ್ರಲ್ಲ?"

"ನಿನಗೆ ಗೊತ್ತಿದೆ ಅಂದ್ಕೊಂಡೆ."

ಇಬ್ಬರೂ ಒಟ್ಟಿಗೆ ಕತ್ತು ತಿರುಗಿಸಿದರು. ಕೆಂಪು ಕಾರು ರಸ್ತೆಯ ಪಕ್ಕ ನಿಂತು ಒಂದೇ ಸಮನೆ, ಒಂದಿಷ್ಟೂ ತಪ್ಪದೆ ಓಡುತ್ತಿತ್ತು. ಅದು ಯಾಕೆ ಓಡುತ್ತಿದೆ ಎಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅದುನ್ನ ಮಾತ್ರ ಆಫ್ ಮಾಡ್ಬ್ಯಾಡಿ ಸಾ" ಎಂದ ಸಿದ್ಧಾರ್ಥ ಉಸಿರು ಬಿಗಿಹಿಡಿದು.

ದೊಡ್ಡಸಿದ್ದಯ್ಯ ಗೌರವದಿಂದ ಕಾರಿನ ಬಳಿಗೆ ಹೋಗಿ, ಕಿಟಕಿಯೊಳಗೆ ಕೈ ಹಾಕಿ, ಕೀ ತಿರುಗಿಸಿ ನಿಲ್ಲಿಸಿದ.

"ಸುಮ್ಕೆ ಯಾಕೆ ಪೆಟ್ರೋಲ್ ದಂಡ ಸಾ?" ಎಂದ. "ನೀವು ಸುರು ಅಚ್ಕಳಿ. ಬೆಳಗ್ಗೆ ಆರಕ್ಕೆ ನಂದು ಮದ್ವೆ ಬಾಡಿಗೆ ಐತೆ."